ಡ್ರಾಯಿಂಗ್‌ನಲ್ಲಿ ಇಲ್ಲದ್ದು

ಆ ರೆಸಿಸ್ಟರ್‌ನ ಬೆಲೆ ಕೇಳಿದರೆ ನಗು ಬರುತ್ತದೆ. ಹುರುಳಿಕಾಳಿಗಿಂತ ತುಸು ಉದ್ದ, ಎರಡು ತುದಿಗೆ ಎರಡು ತಂತಿಯ ಕಾಲು. ಒಂದು ಲೋಟ ಚಹಾದ ದುಡ್ಡಿಗೆ ಅಂಥವು ಆರು ಬರುತ್ತವೆ, ಅಂಗಡಿಯವನು ಒಳ್ಳೆಯವನಾದರೆ ಏಳು. ಯಂತ್ರದ ಬಾಗಿಲಿಗೆ ಹಾಕುವ ಸೆನ್ಸರ್‌ಗೆ ಆ ಯಂತ್ರ ನಡೆಸುವವನ ಮೂರು ದಿನದ ಕೂಲಿ. ಸೆನ್ಸರ್ ಹೇಳಿದ್ದನ್ನು ಕೇಳಿಸಿಕೊಂಡು ಯಂತ್ರವನ್ನು ಆಡಿಸುವ ಕಂಟ್ರೋಲರ್‌ಗೆ ಅವನ ಏಳು ತಿಂಗಳ ಸಂಬಳ. ಇನ್ನು ಬೆರಳಿಗೆ? ಅದಕ್ಕೂ ದರಪಟ್ಟಿ ಇದೆ. ವಿಮೆ ಕಚೇರಿಯ ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಬಿಟ್ಟಿದ್ದಾರೆ. ಹೆಬ್ಬೆರಳು ದುಬಾರಿ. ಬಲಗೈಯ ನಡುಬೆರಳಿಗೆ ಹದಿನಾಲ್ಕು ವಾರದ ಕೂಲಿ, ಉಂಗುರದ ಬೆರಳಿಗೆ ಹತ್ತು. ಕಿರುಬೆರಳನ್ನು ಕಳೆದುಕೊಂಡವನು ಕಚೇರಿಗೆ ಓಡಾಡಿದ ಬಸ್ಸಿನ ಖರ್ಚು ಹುಟ್ಟಿದರೆ ಪುಣ್ಯ. ಪಟ್ಟಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕೆಲಸಗಾರನ ಸ್ವಂತ ಅಜಾಗರೂಕತೆಯಿಂದಾದ ಗಾಯಕ್ಕೆ ಏನೂ ಇಲ್ಲ.

ಮನೆಯವನೊಬ್ಬನ ಬೆರಳಿನ ಪರಿಹಾರ ವಿಚಾರಿಸಲು ಬಂದಿದ್ದ ಟೆಸ್ಟರಮ್ಮ ಆ ಸಾಲನ್ನು ಎರಡು ಸಲ ಓದಿದಳು. ಓದಿ, ಗುಮಾಸ್ತನ ಕಡೆ ತಿರುಗಿ, "ಇದನ್ನ ಇಷ್ಟು ಸಣ್ಣಕ್ಕೆ ಬರೆದೋನಿಗೆ ನಾಚಿಕೆ ಇತ್ತು ಅಂತ ಕಾಣುತ್ತೆ" ಅಂದಳು.

ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡಿ ಮಾಡಿ ಅವಳ ತಲೆ ನರೆತಿತ್ತು. ಕರೆಂಟ್ ಇಲ್ಲ ಎಂದು ಯಾರು ತಲೆ ಮುಟ್ಟಿ ಆಣೆ ಮಾಡಿದರೂ ತನ್ನ ಟೆಸ್ಟರ್ ಮುಟ್ಟಿಸದೆ ತಂತಿ ಮುಟ್ಟಿದವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ, "ನನ್ನ ಮಾತಿಗೂ ಟೆಸ್ಟರ್ ಇಟ್ಟು ನೋಡ್ತೀಯಾ?" ಎಂದಿದ್ದಕ್ಕೆ, "ಸುಳ್ಳು ಗೊತ್ತಾಗೋ ಟೆಸ್ಟರ್ ಸಿಕ್ಕಿದ ದಿನ ಇಟ್ಟು ನೋಡ್ತೀನಿ" ಎಂದವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕೈ ಮಾತ್ರ ಕೋಪ ಕಂಡದ್ದಲ್ಲ. ಅವಳು ಬಿಗಿದ ಸ್ಕ್ರೂ ಹತ್ತು ವರ್ಷಕ್ಕೂ ಸಡಿಲವಾಗುತ್ತಿರಲಿಲ್ಲ.

ಬೆರಳು ಕಳೆದುಕೊಂಡವನು ಅವಳ ಮೈದುನ. ಮನೆಯಲ್ಲೂ ಕಾರ್ಖಾನೆಯಲ್ಲೂ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಸೈಕಲ್ ತಂದದ್ದನ್ನು ಮರೆತು ನಡೆದು ಮನೆಗೆ ಬರುವವನು, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಹಾಕಿ ನೆಂಟರ ಮನೆಗೆ ಹೋದವನು. ಡಬ್ಬಿಗಳಿಗೆ ಮುಚ್ಚಳ ಒತ್ತುವ ಯಂತ್ರದ ಮೇಲೆ ಅವನಿಗೆ ಕೆಲಸ ಕೊಡಿಸಿದ್ದೇ ಅತ್ತಿಗೆಯಾದ ಟೆಸ್ಟರಮ್ಮ. ಆ ಯಂತ್ರಕ್ಕೆ ವೈರಿಂಗ್ ಮಾಡಿದ್ದೂ ಅವಳೇ. ಅದರ ಜಾಲರಿ ಬಾಗಿಲು ತೆರೆದಿದ್ದರೆ ಒತ್ತುವ ತಲೆ ಕೆಳಗಿಳಿಯಲೇಬಾರದು. ಸಿಕ್ಕಿಕೊಂಡ ಡಬ್ಬಿಯನ್ನು ಬಾಗಿಲು ತೆಗೆದು ಕೈಯಿಂದ ಎಳೆದು ಹಾಕುವುದು ದಿನಕ್ಕೆ ಇಪ್ಪತ್ತು ಸಲದ ಕೆಲಸ.

ಹಾಗೆ ಎಳೆಯುತ್ತಿದ್ದಾಗ ತಲೆ ಇಳಿಯಿತು. ಬಲಗೈಯ ನಡುಬೆರಳೂ ಉಂಗುರದ ಬೆರಳೂ ಹೋದವು.

ಆಸ್ಪತ್ರೆಗೆ ಅವಳು ಓಡಿ ಬಂದಾಗ ಬ್ಯಾಂಡೇಜ್ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವನು ಚಾವಣಿ ನೋಡುತ್ತಿದ್ದ. ಅವನ ಹೆಂಡತಿ, ಅಂದರೆ ಟೆಸ್ಟರಮ್ಮನ ಓರಗಿತ್ತಿ, ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಳು ಮುಗಿದು ಬಿಕ್ಕಳಿಕೆ ಉಳಿದಿತ್ತು.

ಟೆಸ್ಟರಮ್ಮನಿಗೆ ಕರುಳು ಹಿಂಡಿತು. ಹಿಂಡಿದ ಕರುಳು ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿತ್ತು.

"ಎಷ್ಟು ಸಲ ಹೇಳಿದೀನೋ ನಿಂಗೆ? ಬಾಗಿಲು ಪೂರ್ತಿ ತೆಗೆದು ಕೈ ಹಾಕು, ಸಂದಿಯಲ್ಲಿ ತೂರಿಸ್ಬೇಡ ಅಂತ! ಒಂದು ನಿಮಿಷ ಉಳಿಸಿ ಯಾವ ರಾಜ್ಯ ಆಳ್ಬೇಕಿತ್ತು ನೀನು?"

"ಬಾಗಿಲು ತೆಗೆದೇ ಇತ್ತು ಅತ್ತಿಗೆ."

"ಸುಳ್ಳು ಹೇಳ್ಬೇಡ."

"ನನ್ನ ಮಗಳಾಣೆ. ಪೂರ್ತಿ ತೆಗೆದಿತ್ತು."

"ತೆಗೆದಿದ್ರೆ ಅದು ಇಳಿಯಲ್ಲ. ವೈರಿಂಗ್ ಮಾಡಿದ್ದು ನಾನು. ಇಳಿಯಲ್ಲ ಅಂದ್ರೆ ಇಳಿಯಲ್ಲ!"

ಓರಗಿತ್ತಿ ತಲೆ ಎತ್ತಿದಳು. "ಅಕ್ಕಾ, ಇವರಿಗೆ ಹೋಗಿರೋದು ಬೆರಳು. ನಿಮ್ಮ ವೈರಿಂಗ್‌ನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ."

ಕಪಾಳಕ್ಕೆ ಹೊಡೆದ ಹಾಗಾಯಿತು. ಟೆಸ್ಟರಮ್ಮ ಸ್ಟೂಲಿನ ಮೇಲೆ ಕೂತಳು. ಗಡಿಬಿಡಿ ಚಾವಣಿಗೇ ಹೇಳುವವನಂತೆ ನಿಧಾನವಾಗಿ ಹೇಳಿದ:

"ನಾಲ್ಕು ದಿನದಿಂದ ಹಂಗೇ ಆಡ್ತಿತ್ತು ಅತ್ತಿಗೆ. ಬೆಳಿಗ್ಗೆ ಚೆನ್ನಾಗೇ ಇರುತ್ತೆ. ಊಟ ಆದ್ಮೇಲೆ, ಮಿಷಿನ್ನು ಕಾದ ಮೇಲೆ, ಬಾಗಿಲು ತೆಗೆದ್ರೂ ತಲೆ ಒಂದೊಂದ್ಸಲ ಅಲ್ಲಾಡೋದು. ಸೂಪರ್‌ವೈಸರ್‌ಗೆ ಹೇಳ್ದೆ. ಅವನು ಎಲ್ಲರ ಮುಂದೆ, 'ಗಡಿಬಿಡಿ, ಅಲ್ಲಾಡ್ತಿರೋದು ಮಿಷಿನ್ ತಲೆನೋ ನಿನ್ನ ತಲೆನೋ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ."

ಯಂತ್ರ ಕಾದ ಮೇಲೆ. ಆ ಒಂದು ಮಾತು ಟೆಸ್ಟರಮ್ಮನ ಕಿವಿಯಲ್ಲಿ ಮುಳ್ಳಿನ ಹಾಗೆ ನಿಂತಿತು. ಗಡಿಬಿಡಿಗೆ ಸುಳ್ಳು ಹೇಳಲು ಬರುತ್ತಿತ್ತು. ಆದರೆ ಇಂಥ ಸುಳ್ಳು ಕಟ್ಟಬೇಕಾದರೆ ಸೆನ್ಸರ್ ಬಗ್ಗೆ ತಿಳಿದಿರಬೇಕು, ಅವನಿಗೆ ಅದು ತಿಳಿಯದು.

ಮರುದಿನ ಮಧ್ಯಾಹ್ನ ಊಟದ ಗಂಟೆ ಕಳೆದ ಮೇಲೆ ಅವಳು ಕಾರ್ಖಾನೆಗೆ ಹೋದಳು. ಕಾವಲುಗಾರನಿಗೆ, "ಮೂರನೇ ಲೈನಿನ ಫ್ಯಾನ್ ನೋಡ್ಬೇಕಂತೆ" ಎಂದು ಹೇಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಮುಚ್ಚಳದ ಯಂತ್ರ ನಡೆಯುತ್ತಿತ್ತು! ನೆಲ ತೊಳೆದಿದ್ದರು, ಜಾಲರಿ ಒರೆಸಿದ್ದರು, ಗಡಿಬಿಡಿಯ ಜಾಗದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು. ಅವಳು ಬಾಗಿಲು ತೆಗೆದು ಸಿಕ್ಕಿಕೊಂಡ ಡಬ್ಬಿಯೊಂದನ್ನು ಎಳೆಯುತ್ತಿದ್ದಳು. ಮೊಣಕೈವರೆಗೂ ಕೈ ಒಳಗಿತ್ತು.

"ಕೈ ತೆಗಿಯೇ!"

ಆ ಕೂಗಿಗೆ ಇಡೀ ಲೈನು ತಿರುಗಿ ನೋಡಿತು. ಹೆಂಗಸು ಬೆಚ್ಚಿ ಕೈ ಎಳೆದುಕೊಂಡಳು. "ಏನಮ್ಮ, ಜೀವ ಹೋಯ್ತು ನಂದು!"

"ಹೋಗಿಲ್ಲ. ದೂರ ನಿಂತ್ಕೋ. ಬಾಗಿಲು ಹಾಗೇ ತೆಗೆದಿರಲಿ, ಯಾವ ಬಟನ್ನೂ ಮುಟ್ಟಬೇಡ."

ಪ್ಯಾನೆಲ್ ತೆರೆದಳು. ಎರಡು ವರ್ಷದ ಹಿಂದೆ ಅವಳೇ ಕಟ್ಟಿದ ಪ್ಯಾನೆಲ್, ಆದರೆ ಮದುವೆ ಮನೆಯ ಹಾಗೆ ಸಿಂಗಾರವಾಗಿತ್ತು. ತಂತಿಗಳಿಗೆಲ್ಲ ಹೊಸ ನಂಬರ್ ಪಟ್ಟಿ, ಧೂಳಿಲ್ಲ, ಒಂದು ಎಳೆ ಹೊರಗೆ ಕಾಣದು. ಏಳನೇ ಇನ್‌ಪುಟ್ ಬಾಗಿಲಿನದು. ಬಾಗಿಲು ಮುಚ್ಚಿದೆ ಎಂದು ಕಂಟ್ರೋಲರ್‌ಗೆ ತಿಳಿದರೆ ಆ ಏಳರ ಪಕ್ಕದ ಸಣ್ಣ ಹಸಿರು ದೀಪ ಉರಿಯುತ್ತದೆ, ತೆರೆದರೆ ಆರಬೇಕು. ಬಾಗಿಲು ಅವಳ ಕಣ್ಣೆದುರಿಗೇ ಹಾರುಹೊಡೆದಿತ್ತು. ದೀಪ ಉರಿಯುತ್ತಿತ್ತು, ಸ್ವಲ್ಪ ಮಂಕಾಗಿ.

ಏಳರ ಸ್ಕ್ರೂಗೂ ಎಲ್ಲ ಇನ್‌ಪುಟ್‌ಗೂ ಸೇರಿದ ಕೊನೆಯ ಕಾಮನ್ ಸ್ಕ್ರೂಗೂ ನಡುವೆ ಕಪ್ಪು ಪ್ಲಾಸ್ಟಿಕ್ ಕೊಳವೆ ತೊಡಿಸಿ ಅವಳು ಕೂರಿಸಿದ್ದ ರೆಸಿಸ್ಟರ್ ಅಲ್ಲಿರಲಿಲ್ಲ.

ಅದು ಯಾಕಿತ್ತು ಎಂಬುದನ್ನು ಹೇಳಿಬಿಡಬೇಕು. ಹಿಂದೆ ಆ ಬಾಗಿಲಿಗೆ ಪುಟ್ಟ ಸನ್ನೆಕೋಲಿನ ಸ್ವಿಚ್ಚು ಇತ್ತು. ಬಾಗಿಲು ತಗುಲಿದರೆ ಟಕ್ ಎಂದು ಕೂಡಿಕೊಳ್ಳುವುದು, ತೆರೆದರೆ ಟಕ್ ಎಂದು ಬಿಡುವುದು. ಬಿಟ್ಟರೆ ಬಿಟ್ಟಂತೆ, ನಡುವೆ ಬರೀ ಗಾಳಿ. ಎಣ್ಣೆ ಜಿಡ್ಡಿಗೆ ಸನ್ನೆ ಹಿಡಿದುಕೊಳ್ಳುತ್ತದೆಂದು ಅದನ್ನು ತೆಗೆದು ಎರಡು ತಂತಿಯ ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿದರು. ಅದರೊಳಗೆ ಅಲ್ಲಾಡುವ ಭಾಗವೇ ಇಲ್ಲ, ಲೋಹ ಹತ್ತಿರ ಬಂದರೆ ಮುಟ್ಟದೆಯೇ ಅದಕ್ಕೆ ತಿಳಿಯುತ್ತದೆ. ಆದರೆ ತಾನು ಎಚ್ಚರವಾಗಿರಲು ಅದಕ್ಕೆ ಚೂರು ಕರೆಂಟು ಬೇಕು, ಆ ಚೂರನ್ನು ಅದೇ ಎರಡು ತಂತಿಯಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ 'ಇಲ್ಲ' ಎನ್ನುವಾಗಲೂ ಅದರಿಂದ ಕರೆಂಟು ಜಿನುಗುತ್ತಿರುತ್ತದೆ, ವಾಷರ್ ಸವೆದ ನಲ್ಲಿಯ ಹಾಗೆ. ಬಿಸಿಯಾದರೆ ಇನ್ನಷ್ಟು ಜಿನುಗುತ್ತದೆ. ಕಂಟ್ರೋಲರ್ ಹೊಸ ಕಾಲದ್ದು, ಸೂಕ್ಷ್ಮ ಕಿವಿಯದು. ಪಿಸುಗುಟ್ಟಿದರೂ 'ಹೌದು' ಎಂದುಕೊಳ್ಳುತ್ತದೆ. ಆ ಜಿನುಗನ್ನು ಪಕ್ಕಕ್ಕೆ ಹರಿಸಿಬಿಡುವ ಕಿರುಗಾಲುವೆ ಆ ರೆಸಿಸ್ಟರ್. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡುವಾಗ ದೀಪ ಮಂಕಾಗಿ ಉರಿದದ್ದನ್ನು ಕಂಡು ಅವಳೇ ಅದನ್ನು ಹಾಕಿದ್ದಳು.

ಮೀಟರ್ ಇಟ್ಟು ಅಳೆದಳು. ಜಿನುಗು ಒಂದೂವರೆ ಮಿಲಿಆಂಪ್ ದಾಟಿತ್ತು, ಕಂಟ್ರೋಲರ್ 'ಹೌದು' ಎಂದುಕೊಳ್ಳಲು ಅಷ್ಟು ಸಾಕು.

ಮೈಯೆಲ್ಲ ಉರಿಯಿತು. "ಯಾವನು ಈ ಪ್ಯಾನೆಲ್‌ಗೆ ಕೈ ಹಾಕಿದ್ದು?"

ಇಸ್ತ್ರಿ ಮಾಡಿದ ಅಂಗಿಯ ಇಂಜಿನಿಯರ್ ಬಂದ. ಸೇರಿ ಮೂರು ತಿಂಗಳಾಗಿತ್ತು. ಕೆಟ್ಟವನಲ್ಲ. ಟೆಸ್ಟರಮ್ಮನನ್ನು 'ಮೇಡಂ' ಎಂದು ಕರೆಯುವ ಆ ಕಾರ್ಖಾನೆಯ ಒಬ್ಬನೇ ಮನುಷ್ಯ.

"ನಾನೇ ಮೇಡಂ. ಆಡಿಟ್ ಬರ್ತಿದೆಯಲ್ಲ, ಎಲ್ಲಾ ಪ್ಯಾನೆಲ್ ಕ್ಲೀನ್ ಮಾಡ್ಸಿದೆ."

"ಇಲ್ಲೊಂದು ರೆಸಿಸ್ಟರ್ ಇತ್ತು. ಎಲ್ಲಿ?"

"ಆ ನೇತಾಡ್ತಿದ್ದದ್ದಾ?"

"ನೇತಾಡ್ತಿರಲಿಲ್ಲ! ಕೂತಿತ್ತು. ನಿಮಗಿಂತ ಗಟ್ಟಿಯಾಗಿ ಕೂತಿತ್ತು."

"ವೈರಿಂಗ್ ಡ್ರಾಯಿಂಗ್‌ನಲ್ಲಿ ಇರಲಿಲ್ಲ ಮೇಡಂ. ಡ್ರಾಯಿಂಗ್‌ನಲ್ಲಿ ಇಲ್ಲದ್ದು ಪ್ಯಾನೆಲ್‌ನಲ್ಲಿ ಇರಬಾರದು ಅಂತ ಆಡಿಟ್‌ನವರ ನಿಯಮ. ಅದಕ್ಕೇ ತೆಗೆದೆ."

"ತೆಗೆಯೋ ಮುಂಚೆ ಕೇಳಬಾರದಿತ್ತಾ?"

"ಯಾರನ್ನ ಕೇಳ್ಲಿ? ಡ್ರಾಯಿಂಗ್‌ನ ಕೇಳಿದೆ. ಅದು ಇಲ್ಲ ಅಂತು." ಅವನ ಮುಖ ಬಿಳಿಚುತ್ತಿತ್ತು. "ತೆಗೆದ ಮೇಲೆ ಪರೀಕ್ಷೆ ಮಾಡಿದೀನಿ ಮೇಡಂ. ಬಾಗಿಲು ತೆಗೆದೆ, ದೀಪ ಆರಿತು. ಹಾಕಿದೆ, ಹತ್ತಿತು. ಹತ್ತು ಸಲ ನೋಡಿದೀನಿ."

"ಎಷ್ಟು ಹೊತ್ತಲ್ಲಿ?"

"ಬೆಳಿಗ್ಗೆ. ಲೈನ್ ಶುರು ಮಾಡೋ ಮುಂಚೆ."

"ತಣ್ಣಗಿರೋವಾಗ ಕತ್ತೆನೂ ಸಾಧುವೇ ಕಣಪ್ಪ." ಅವನ ತೋಳು ಹಿಡಿದು ದೀಪದ ಮುಂದೆ ಬಗ್ಗಿಸಿದಳು. "ಈಗ ನೋಡು. ಬಾಗಿಲು ನೋಡು, ದೀಪ ನೋಡು. ಆ ಹೆಂಗಸಿನ ಕೈ ಈಗಷ್ಟೇ ಅದರೊಳಗಿತ್ತು."

ಇಂಜಿನಿಯರ್ ನೋಡಿದ. ಬಾಗಿಲ ಕಡೆ ತಿರುಗಿ, ಮತ್ತೆ ದೀಪ ನೋಡಿದ.

ಬೈಯಲು ಟೆಸ್ಟರಮ್ಮನ ಬಾಯಲ್ಲಿ ಇನ್ನೂ ಬೇಕಾದಷ್ಟಿತ್ತು. ಆದರೆ 'ಡ್ರಾಯಿಂಗ್‌ನ ಕೇಳಿದೆ, ಅದು ಇಲ್ಲ ಅಂತು' ಎಂಬ ಮಾತು ಅದಕ್ಕೆ ಅಡ್ಡ ನಿಂತಿತು. ಡ್ರಾಯಿಂಗ್ ಯಾಕೆ ಇಲ್ಲ ಅಂದಿತು? ಅವಳು ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ. ಈ ಕಸುಬಿನವರೆಲ್ಲರ ಅಭ್ಯಾಸ ಅದು: ಪ್ರತಿ ಪ್ಯಾನೆಲ್‌ನಲ್ಲೂ ತನಗೊಬ್ಬನಿಗೇ ತಿಳಿದ ಒಂದು ಗುಟ್ಟು ಬಿಟ್ಟು ಬರುವುದು. ಎಲ್ಲವನ್ನೂ ಹಾಳೆಯ ಮೇಲೆ ಬರೆದುಕೊಟ್ಟರೆ ನಾಳೆ ಯಾರನ್ನು ಬೇಕಾದರೂ ಕರೆದಾರು. ಬರೆಯದಿದ್ದರೆ ತನ್ನನ್ನೇ ಕರೆಯಬೇಕು. ಅವಳಿಗೆ ಕಸುಬು ಕಲಿಸಿದವನು ಹೇಳಿಕೊಟ್ಟಿದ್ದೇ ಅದು: ತಂತಿ ಅವರದ್ದು, ಗುಟ್ಟು ನಮ್ಮದು. ಇಪ್ಪತ್ತೆಂಟು ವರ್ಷ ಆ ಗುಟ್ಟುಗಳೇ ಅವಳ ಮನೆಯ ಒಲೆ ಉರಿಸಿದ್ದವು.

ಯಂತ್ರದ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಚೀಲದಿಂದ ತನ್ನ ಕೆಂಪು ಬೀಗ ತೆಗೆದು ಸ್ವಿಚ್ಚಿನ ತೂತಿಗೆ ತೂರಿಸಿ ಒತ್ತಿದಳು. ಕೀಲಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಕರೆಂಟಿನ ಕೆಲಸದಲ್ಲಿ ಎಲ್ಲ ಕಾರ್ಖಾನೆಗೂ ಒಂದೇ ಕಟ್ಟಳೆ: ಯಾರ ಬೀಗವೋ ಅವರೇ ತೆಗೆಯಬೇಕು. ಮಾಲೀಕನೇ ಬಂದರೂ ಇನ್ನೊಬ್ಬರ ಬೀಗ ಒಡೆಯುವ ಹಾಗಿಲ್ಲ. ಒಡೆದವನು ಜೈಲಿಗೆ.

ಮ್ಯಾನೇಜರ್‌ಗೆ ಸುದ್ದಿ ಮುಟ್ಟಲು ಐದು ನಿಮಿಷ ಹಿಡಿಯಲಿಲ್ಲ. ಅವಳನ್ನು ತಂಪು ಕೋಣೆಗೆ ಕರೆಸಿ, ಕೂರಿಸಿ, ನೀರು ಕೊಡಿಸಿದರು. ಕೂಗಾಡಲಿಲ್ಲ. ಅವರು ಎಂದೂ ಕೂಗಾಡಿದವರಲ್ಲ.

"ಒಂದು ಗಂಟೆಗೆ ನಾಲ್ಕು ಸಾವಿರ ಡಬ್ಬಿ ನಿಂತಿದೆ. ಬೀಗ ತೆಗೀರಿ. ಆ ಸಾಮಾನನ್ನ ಮತ್ತೆ ಹಾಕಿ. ಮುಗೀತು."

"ಮುಗೀಲಿಲ್ಲ ಸಾರ್. ತಪಾಸಣೆ ಅಧಿಕಾರಿ ಬಂದು ನೋಡೋವರೆಗೂ ಅದು ಈಗ ಹೇಗಿದೆಯೋ ಹಾಗೇ ಇರಬೇಕು. ವರದಿಯಲ್ಲಿ ನೀವು ಏನು ಬರೆಸಿದೀರ?"

"ಕೆಲಸಗಾರನ ಅಜಾಗರೂಕತೆ. ಬೇರೇನು ಬರೆಯೋದು? ಅವನು ಹೇಗೆ ಅಂತ ಊರಿಗೇ ಗೊತ್ತು."

"ಅವನು ತಪ್ಪು ಮಾಡಿಲ್ಲ. ಬಾಗಿಲು ತೆಗೆದಿತ್ತು. ನಿಮ್ಮ ಮಿಷಿನ್ನೇ ಮುಚ್ಚಿದೆ ಅಂದ್ಕೊಳ್ತು. ಇದ್ಯಾವ ನ್ಯಾಯ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ!"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಸರಿ. ಹಾಗೇ ಹೇಳೋಣ. ಅಧಿಕಾರಿ ಕೇಳೋ ಮೊದಲ ಪ್ರಶ್ನೆ ಏನು ಗೊತ್ತಾ? ಡ್ರಾಯಿಂಗ್‌ನಲ್ಲಿ ಇಲ್ಲದ ಸಾಮಾನನ್ನ ಹಾಕಿದ್ದು ಯಾರು? ನೀವು. ಎಲ್ಲಾ ಡ್ರಾಯಿಂಗ್ ಪ್ರಕಾರವೇ ಇದೆ ಅಂತ ಸಹಿ ಮಾಡಿದ್ದು ಯಾರು? ಅದೂ ನೀವೇ. ಮೊದಲು ಹೋಗೋದು ನಿಮ್ಮ ಲೈಸೆನ್ಸು."

ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

"ಮುಂದಿನ ವರ್ಷ ಇನ್ನು ನಾಲ್ಕು ಮಿಷಿನ್ ಬದಲಾಯಿಸ್ತೀವಿ. ಎಲ್ಲಾ ವೈರಿಂಗೂ ನಿಮ್ಮದೇ. ನಿಮ್ಮ ಮೈದುನನಿಗೂ ಕೈಯಿಂದ ಏನಾದ್ರೂ ಕೊಡೋಣ, ಆರು ವಾರದ್ದು. ಅಧಿಕಾರಿ ನಾಡಿದ್ದು ಬೆಳಿಗ್ಗೆ ಬರ್ತಾರೆ. ಅಷ್ಟರೊಳಗೆ ಯೋಚನೆ ಮಾಡಿ."

"ಬೆರಳಿಗೆ ಮೂರು ವಾರ ಅಂತ ಚೌಕಾಸಿ ಮಾಡ್ತಿದೀರಾ ಸಾರ್? ಹಳೇ ಕಬ್ಬಿಣ ಮಾರೋವಾಗಲೂ ಇದಕ್ಕಿಂತ ಒಳ್ಳೇ ಬೆಲೆ ಹೇಳ್ತೀರ" ಎಂದು ಎದ್ದು ಬಂದಳು. ಮಾತು ಗಟ್ಟಿಯಾಗೇ ಬಂತು.

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಿಯೊಂದಕ್ಕೆ ಕಾಲರ್ ಹಚ್ಚುತ್ತಿದ್ದ. ಎಲ್ಲ ಕೇಳಿಸಿಕೊಂಡ. ಯಂತ್ರ ನಿಲ್ಲಿಸಲಿಲ್ಲ.

"ಬೀಗ ತೆಗೆದುಬಿಡು" ಅಂದ.

"ಅವನು ನಿಮ್ಮ ತಮ್ಮ."

"ನಂಗೆ ಗೊತ್ತಿಲ್ವಾ? ಹೊಟ್ಟೆ ಉರೀತಿಲ್ವಾ? ಆದ್ರೆ ಹೋದ ಬೆರಳು ನಿನ್ನ ಲೈಸೆನ್ಸ್ ಕೊಟ್ರೆ ವಾಪಸ್ ಬರುತ್ತಾ? ನನ್ನ ಕಣ್ಣಿಗೆ ಸೂಜಿ ದಾರ ಕಾಣದ ಹಾಗಾಗಿದೆ. ನಿನ್ನ ದುಡಿಮೆ ನಿಂತರೆ ಎರಡು ಮನೆನೂ ಬೀದಿಗೆ ಬರುತ್ತೆ. ಅವನ ಮನೆಗೆ ನಾವೇ ತಿಂಗಳು ತಿಂಗಳು ಏನಾದ್ರೂ ಕೊಡೋಣ. ಯಾರಿಗೂ ಗೊತ್ತಾಗೋದು ಬೇಡ."

ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. "ಕೊಡೋದು ಅಂದ್ರೇನ್ರೀ? ಅವನ ಬೆರಳು ಹೋಗಿದ್ದಕ್ಕೆ ಅವನಿಗೇ ಭಿಕ್ಷೆ ಕೊಡೋದಾ? ಅದೂ ನಾನು? ಊರೆಲ್ಲಾ ಅವನನ್ನ ಸಾಯೋವರೆಗೂ ಗಡಿಬಿಡಿ, ಕೈ ತೂರಿಸಿ ಕೆಟ್ಟ ಅನ್ನಲಿ, ನಾನು ಕೇಳ್ಕೊಂಡು ತಲೆ ಅಲ್ಲಾಡಿಸ್ತಾ ಕೂರ್ಲಾ?"

"ತಪ್ಪು ಆ ಇಂಜಿನಿಯರ್‌ದು ಅನ್ನು. ನಿನ್ನದೇನಿದೆ?"

"ಅರ್ಧ ನನ್ನದು."

ಹೊಲಿಗೆ ಯಂತ್ರ ನಿಂತಿತು. ಮದುವೆಯಾದ ಮೇಲೆ ಆ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಆಮೇಲೆ ಕಾಲರ್ ಬಿಚ್ಚಿ ಮತ್ತೆ ಹಚ್ಚಲು ಕೂತ. ಸೊಟ್ಟಗಾಗಿತ್ತು.

ಹೇಳಿದ ದಿನ ಬೆಳಿಗ್ಗೆ ತಪಾಸಣೆ ಅಧಿಕಾರಿ ಬಂದರು. ನಿವೃತ್ತಿಗೆ ಹತ್ತಿರದ ಮನುಷ್ಯ, ನೆಗಡಿ ಹಿಡಿದಿತ್ತು, ಕೈಯಲ್ಲಿ ಕರವಸ್ತ್ರ. ಯಂತ್ರದ ಸುತ್ತ ಮ್ಯಾನೇಜರ್, ಇಂಜಿನಿಯರ್, ಸೂಪರ್‌ವೈಸರ್. ಓರಗಿತ್ತಿ ಗಂಡನನ್ನೂ ಕರೆತಂದಿದ್ದಳು. ಅವನು ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಯಂತ್ರದಿಂದ ಹತ್ತು ಹೆಜ್ಜೆ ದೂರ ನಿಂತಿದ್ದ.

ಟೆಸ್ಟರಮ್ಮ ಬೀಗ ತೆಗೆದಳು. ಕರೆಂಟು ಕೊಟ್ಟಳು. ಅಧಿಕಾರಿ ಬಾಗಿಲು ತೆರೆದರು. ಏಳರ ದೀಪ ಠಕ್ಕನೆ ಆರಿತು. ಹಾಕಿದರು, ಹತ್ತಿತು. ತೆರೆದರು, ಆರಿತು.

"ಸರಿಯಾಗೇ ಇದೆಯಲ್ಲಮ್ಮ" ಅಂದರು, ಮೂಗು ಒರೆಸಿಕೊಳ್ಳುತ್ತಾ.

ಸೂಪರ್‌ವೈಸರ್ ಕಿಸಕ್ಕನೆ ನಕ್ಕ. ಮ್ಯಾನೇಜರ್ ನಗಲಿಲ್ಲ, ಗಡಿಯಾರ ನೋಡಿಕೊಂಡರು. ಗಡಿಬಿಡಿ ತಲೆ ತಗ್ಗಿಸಿದ.

"ಎರಡು ದಿನ ತಣ್ಣಗೆ ನಿಂತ ಮಿಷಿನ್ನು ಸಾರ್, ಸರಿಯಾಗೇ ಇರುತ್ತೆ" ಎಂದು ಟೆಸ್ಟರಮ್ಮ ಚೀಲದಿಂದ ಬಿಸಿಗಾಳಿಯ ಗನ್ ತೆಗೆದಳು, ತಂತಿಗೆ ತೊಡಿಸಿದ ಪ್ಲಾಸ್ಟಿಕ್ ಕೊಳವೆ ಕುಗ್ಗಿಸಲು ಬಳಸುವುದು. "ಮಧ್ಯಾಹ್ನ ಈ ಜಾಗ ಎಷ್ಟು ಕಾಯುತ್ತೋ ಅಷ್ಟೇ ಕಾಯಿಸ್ತೀನಿ. ಬೇಕಾದ್ರೆ ನೀವೇ ಕೈ ಇಟ್ಟು ನೋಡಿ."

ಬಾಗಿಲು ಮುಚ್ಚಿ, ಸೆನ್ಸರ್‌ಗೆ ಬಿಸಿಗಾಳಿ ಹಿಡಿದಳು. ಅಧಿಕಾರಿ ಸೆನ್ಸರ್ ಕೂರಿಸಿದ್ದ ಕಂಬಿಯನ್ನು ಬೆರಳಿಂದ ಮುಟ್ಟಿ, "ಬಾಯ್ಲರ್ ಕೋಣೆಯ ಬಾಗಿಲಿಗಿಂತ ಬಿಸಿ ಕಡಿಮೆಯೇ ಇದೆ" ಅಂದರು. ಟೆಸ್ಟರಮ್ಮ ಒತ್ತುವ ತಲೆಯ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಳು. ಎಲ್ಲರನ್ನೂ ಹಿಂದಕ್ಕೆ ನಿಲ್ಲಿಸಿದಳು. ಬಾಗಿಲನ್ನು ಪೂರ್ತಿ ತೆರೆದಳು.

ದೀಪ ಆರಲಿಲ್ಲ.

ಉದ್ದ ಕೋಲಿನ ತುದಿಯಿಂದ ಯಂತ್ರ ಚಾಲೂ ಮಾಡುವ ಬಟನ್ ಒತ್ತಿದಳು. ತಲೆ ಧಡ್ ಎಂದು ಇಳಿದು ಪೆಟ್ಟಿಗೆಯನ್ನು ಹಾಳೆ ಮಾಡಿತು. ಓರಗಿತ್ತಿ ಕಿಟಾರನೆ ಕಿರುಚಿ ಗಂಡನ ಒಳ್ಳೆಯ ಕೈ ಹಿಡಿದುಕೊಂಡಳು. ಸೂಪರ್‌ವೈಸರ್‌ನ ಮುಖದಲ್ಲಿ ನಗು ಇರಲಿಲ್ಲ.

ಅಧಿಕಾರಿ ಆ ಚಪ್ಪಟೆ ರಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಬಾಗಿಲಿಗೆ ಒಂದೇ ಸೆನ್ಸರ್ ಯಾಕೆ? ಮನುಷ್ಯರ ಕೈ ಹೋಗೋ ಜಾಗ. ಎರಡು ಇರಬೇಕು, ಒಂದು ಕೈಕೊಟ್ಟರೆ ಇನ್ನೊಂದು ಹಿಡೀಬೇಕು."

"ಖರ್ಚು ಸಾರ್" ಅಂದರು ಮ್ಯಾನೇಜರ್. ಅಷ್ಟು ಹೇಳಿದವರು ಬೇಗ ಮುಂದಿನ ಮಾತಿಗೆ ಹಾರಿದರು. "ಆದ್ರೆ ರೆಸಿಸ್ಟರ್ ಇತ್ತು, ತೆಗೆದ್ರು ಅನ್ನೋದಕ್ಕೆ ದಾಖಲೆ ಏನೂ ಇಲ್ಲ. ಈಯಮ್ಮ ಮೈದುನನಿಗೋಸ್ಕರ ಕಥೆ ಕಟ್ತಿರಬಹುದು."

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. ಮ್ಯಾನೇಜರ್ ಅವನ ಕಡೆ ನೋಡಿದ ನೋಟಕ್ಕೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಅವನ ಕಿವಿ ಕೆಂಪಾಯಿತು. ಆದರೂ ಜೇಬಿನಿಂದ ಸಣ್ಣ ಪುಸ್ತಕ ತೆಗೆದ.

"ದಾಖಲೆ ಇದೆ ಸಾರ್. ನಾನು ತೆಗೆದದ್ದನ್ನೆಲ್ಲ ಬರೆದಿಟ್ಟುಕೊಂಡಿದೀನಿ. ಒಟ್ಟು ಹನ್ನೊಂದು. ಇದು ನಾಲ್ಕನೇದು. ಅಪಘಾತಕ್ಕೆ ನಾಲ್ಕು ದಿನ ಮುಂಚೆ."

ಅಧಿಕಾರಿ ಪುಸ್ತಕ ಓದಿದರು. ಆಮೇಲೆ ಟೆಸ್ಟರಮ್ಮನ ಕಡೆ ತಿರುಗಿದರು. "ನೀವು ಹಾಕಿದ್ದು?"

"ಹೌದು."

"ಡ್ರಾಯಿಂಗ್‌ನಲ್ಲಿ ಯಾಕೆ ಗುರುತು ಮಾಡಲಿಲ್ಲ?"

ಮರೆತೆ ಎನ್ನಬಹುದಿತ್ತು. ಡ್ರಾಯಿಂಗ್ ಆಫೀಸಿನಲ್ಲಿತ್ತು, ಕೈಗೆ ಸಿಗಲಿಲ್ಲ ಎನ್ನಬಹುದಿತ್ತು. ಅಂಥ ಮಾತಿಗೆ ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಅದು ಅವಳಿಗೆ ಗೊತ್ತಿತ್ತು. ಆ ಮಾತು ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಮರೆತೆ ಎಂದರೆ ಮ್ಯಾನೇಜರ್ ಬಿಡುತ್ತಿರಲಿಲ್ಲ: ಮರೆಯುವವಳ ಮಾತನ್ನು ನಂಬಿ ವರದಿ ಬದಲಾಯಿಸುತ್ತೀರಾ ಎಂದು ಹಿಡಿಯುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಹತ್ತು ಹೆಜ್ಜೆ ದೂರದಲ್ಲಿ ಗಡಿಬಿಡಿ ನಿಂತಿದ್ದ. ಮರೆವಿನ ಹಣೆಪಟ್ಟಿ ಹೊತ್ತು ಬೆರಳು ಕಳೆದುಕೊಂಡವನ ಮುಂದೆ ಅದೇ ಮರೆವಿನ ಹಿಂದೆ ಅಡಗಲು ಅವಳಿಗೆ ಹೇಸಿಗೆಯಾಯಿತು.

"ಬೇಕಂತಲೇ ಬರೀಲಿಲ್ಲ" ಅಂದಳು. "ಬರೆದ್ರೆ ನನ್ನನ್ನ ಮತ್ತೆ ಕರೆಯಲ್ಲ ಅಂತ. ನಮ್ಮ ಕಸುಬಲ್ಲಿ ಎಲ್ಲರೂ ಹೀಗೇ ಮಾಡ್ತಾರೆ. ಅದಕ್ಕೇ ಅದು ಸರಿ ಅಂದ್ಕೊಂಡಿದ್ದೆ. ಈ ಹುಡುಗ ಹಾಳೆ ನಂಬಿ ತೆಗೆದ. ಹಾಳೆಗೆ ಸುಳ್ಳು ಹೇಳಿಸಿದ್ದು ನಾನು. ಮಿಷಿನ್ ಕೆಟ್ಟಿದೆ ಅಂತ ನಾಲ್ಕು ದಿನ ಮೊದಲೇ ಹೇಳಿದ್ದವನು ನಮ್ಮ ಮೈದುನ ಒಬ್ಬನೇ. ಅವನನ್ನ ನೋಡಿ ನಕ್ಕರು ಇವರು. ಆಸ್ಪತ್ರೆಯಲ್ಲಿ ನಾನು ಬೈದೆ. ಇಷ್ಟು ಜನದಲ್ಲಿ ತಪ್ಪು ಮಾಡದೇ ಇರೋನು ಅವನೊಬ್ಬನೇ, ಅವನ ಹೆಸರನ್ನೇ ತಪ್ಪಿನ ಜಾಗದಲ್ಲಿ ಬರೆದಿದೀರಿ. ಹೊಡೆದುಹಾಕಿ ಅದನ್ನ!"

ಕೊನೆಯ ಮಾತು ಶೆಡ್ಡಿನ ತಗಡಿಗೆ ಬಡಿದು ವಾಪಸ್ ಬಂತು. ಅಧಿಕಾರಿ ಕರವಸ್ತ್ರವನ್ನು ಜೇಬಿಗಿಟ್ಟು, "ಇದನ್ನೆಲ್ಲ ಬರೆದು ಸಹಿ ಹಾಕ್ತೀರಾ? ಹಾಕಿದ್ರೆ ನಿಮಗೇನಾಗುತ್ತೆ ಗೊತ್ತಾ?" ಎಂದು ಕೇಳಿದರು.

"ಗೊತ್ತು. ಪೆನ್ ಕೊಡಿ."

ಬರೆಯುವಾಗ ಗಡಿಬಿಡಿ ಹತ್ತಿರ ಬಂದು ನಿಂತ. "ಅತ್ತಿಗೆ, ಬೇಡ. ಅಣ್ಣ ಬೈತಾನೆ" ಎಂದು ಪಿಸುಗುಟ್ಟಿದ.

"ಬೈಯಲಿ ಬಿಡು. ನಿನ್ನನ್ನ ನಾನು ಬೈದದ್ದು ಇನ್ನೂ ಜಾಸ್ತಿ" ಅಂದಳು, ತಲೆ ಎತ್ತದೆ.

ವರದಿಯಿಂದ 'ಕೆಲಸಗಾರನ ಅಜಾಗರೂಕತೆ' ಎಂಬ ಮಾತು ಹೋಯಿತು. ಗಡಿಬಿಡಿಗೆ ಇಪ್ಪತ್ತನಾಲ್ಕು ವಾರದ ಕೂಲಿ ಬಂತು, ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಕೂತು ಮಾಡುವ ಕೆಲಸವೂ ಸಿಕ್ಕಿತು. ಬಾಗಿಲಿಗೆ ಎರಡನೇ ಸೆನ್ಸರ್ ಹಾಕಿದರು. ಕಾರ್ಖಾನೆಗೆ ದಂಡ ಬಿತ್ತು, ದೊಡ್ಡದೇನಲ್ಲ. ಸೂಪರ್‌ವೈಸರ್‌ಗೆ ಏನೂ ಆಗಲಿಲ್ಲ. ಟೆಸ್ಟರಮ್ಮನ ಲೈಸೆನ್ಸನ್ನು ಒಂದು ವರ್ಷ ತಡೆಹಿಡಿದರು.

ಆ ವರ್ಷ ಅವಳು ತಾನು ಹಿಂದೆ ಕೆಲಸ ಮಾಡಿದ್ದ ಬೇರೆ ಐದು ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋದಳು. ಪ್ಯಾನೆಲ್‌ಗಳನ್ನು ತೆರೆಸಿ, ಎಲ್ಲೆಲ್ಲಿ ಏನೇನು ಬರೆಯದೆ ಬಿಟ್ಟಿದ್ದಳೋ ಅದನ್ನೆಲ್ಲ ಡ್ರಾಯಿಂಗ್‌ಗಳ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಟ್ಟಳು. ಮೂವತ್ತೊಂದು ಕಡೆ. ಯಾರೂ ದುಡ್ಡು ಕೊಡಲಿಲ್ಲ, ಅವಳೂ ಕೇಳಲಿಲ್ಲ. ಲೈಸೆನ್ಸ್ ವಾಪಸ್ ಬಂದ ಮೇಲೆ ಆ ಐದರಲ್ಲಿ ಮೂರು ಕಾರ್ಖಾನೆಯವರು ಅವಳನ್ನು ಕರೆಯಲಿಲ್ಲ. ಎಲ್ಲವೂ ಹಾಳೆಯ ಮೇಲೆ ಇದ್ದುದರಿಂದ ಕಡಿಮೆ ಕೂಲಿಯವರು ಸಾಕಾಯಿತು. ಅವಳ ಸಂಪಾದನೆ ಮೊದಲಿನ ಅರ್ಧಕ್ಕಿಳಿಯಿತು, ಮತ್ತೆ ಏರಲಿಲ್ಲ.